ಕಿಟಕಿಯಲ್ಲಿ ಕಂಡ ಹಳದಿ ಹೂವು

ಹೋದ ದಸರೆಗೆ ಊರಿಗೆ ಹೋಗುವಾಗ ಒಂದು ಗಿಡ ಕಂಡಿತು. ಕಂಡಿತು ಅನ್ನುವುದೂ ಸ್ವಲ್ಪ ಜಾಸ್ತಿಯೇ. ಬೆಂಗಳೂರಿನಿಂದ ರಾತ್ರಿ ಗಾಡಿಯಲ್ಲಿ ಬಂದು, ಬೆಳಿಗ್ಗೆ ವಾಡಿಯಲ್ಲಿ ಇಳಿದು, ಚಹಾ ಕುಡಿದು, ಸೇಡಂ ಕಡೆಯ ಗಾಡಿ ಹತ್ತಿದ್ದೆ. ಚಿತ್ತಾಪುರ ಇನ್ನೂ ಬಂದಿರಲಿಲ್ಲ. ಹಳಿಯ ಪಕ್ಕದ ಕಲ್ಲುನೆಲದಲ್ಲಿ ಸಾಲಾಗಿ ಒಂದಷ್ಟು ಪೊದೆ, ಪೊದೆಯ ತುಂಬಾ ಹಳದಿ ಹೂವು. ಅರೆ, ಏನಿದು ಅನ್ನುವಷ್ಟರಲ್ಲಿ ಹಿಂದೆ ಹೋಯಿತು.

ಕೆಲಸ ಸಾಫ್ಟ್‌ವೇರಿನದು, ಹಾಗಾಗಿ ಲೆಕ್ಕ ಹಾಕದೆ ಇರಲು ಆಗಲಿಲ್ಲ. ಗಾಡಿ ಗಂಟೆಗೆ 70 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಸೆಕೆಂಡಿಗೆ 19 ಮೀಟರಿಗಿಂತ ಸ್ವಲ್ಪ ಹೆಚ್ಚಾಯಿತು. ಪೊದೆಯ ಸಾಲು 40 ಮೀಟರ್ ಇತ್ತು ಅಂದುಕೊಂಡರೂ ನಾನು ನೋಡಿದ್ದು ಬರೀ ಎರಡು ಸೆಕೆಂಡು. ಫೋನಿನಲ್ಲಿ ಹೊಡೆದ ಫೋಟೋದಲ್ಲಿ ಬಂದದ್ದು ಒಂದು ಹಳದಿ ಗೆರೆ ಮತ್ತು ನನ್ನದೇ ಹೆಬ್ಬೆರಳು :) ಗಿಡದ ಹೆಸರು ಹೇಳುವ ಆ್ಯಪಿಗೆ ಅದನ್ನು ಕೊಟ್ಟರೆ ಪಾಪ ಅದಾದರೂ ಏನು ಮಾಡೀತು?

ಆದರೂ ಹೆಸರು ಗೊತ್ತಾಗದೆ ಸಮಾಧಾನವಿಲ್ಲ. ಬಗ್ ಹುಡುಕುವಾಗ ಮಾಡುವ ಹಾಗೆ, ಖಂಡಿತ ನೋಡಿದ್ದೇನು ಅಂತ ಮೊದಲು ಬರೆದಿಟ್ಟುಕೊಂಡೆ. ಆಳೆತ್ತರದ ಪೊದೆ. ಹೂವಿನ ಗೊಂಚಲು ಟೊಂಗೆಯ ತುದಿಯಲ್ಲಿ, ಆಕಾಶದ ಕಡೆ ಮುಖ. ಸಣ್ಣ ಸಣ್ಣ ಎಲೆಗಳು ಕಡ್ಡಿಯ ಎರಡೂ ಬದಿಗೆ ಜೋಡಿ ಜೋಡಿಯಾಗಿ. ಮುಳ್ಳು ಕಾಣಲಿಲ್ಲ. ಕೆಳಗೆ ಒಣಗಿದ ಕಂದು ಬಣ್ಣದ ಚಪ್ಪಟೆ ಕಾಯಿ. ಪಕ್ಕದಲ್ಲೇ ನಾಲ್ಕೈದು ಆಡು ಮೇಯುತ್ತಿದ್ದವು.

ಆಮೇಲೆ ಒಂದೊಂದೇ ಹೊಡೆದುಹಾಕುತ್ತಾ ಬಂದೆ. ಬೆಂಗಳೂರಿನ ರಸ್ತೆ ನಡುವೆ ನೆಡುವ ಟೆಕೋಮಾ? ಅದರ ಹೂವು ಗಂಟೆಯ ಆಕಾರ, ಎಲೆಯ ಅಂಚು ಗರಗಸ, ಅಲ್ಲ. ಕಕ್ಕೆ? ಅದು ಮರ, ಹೂವು ಜೋತುಬೀಳುತ್ತದೆ, ಅದೂ ಬೇಸಿಗೆಯಲ್ಲಿ. ಬಳ್ಳಾರಿ ಜಾಲಿ? ಮುಳ್ಳು ಇರಲೇಬೇಕು, ಹೂವು ಹೀಗೆ ಕಣ್ಣಿಗೆ ಹೊಡೆಯುವುದಿಲ್ಲ. ಸೀಮೆ ಅಗಸೆ? ಅದರ ಹೂಗೊಂಚಲು ಮೇಣದ ಬತ್ತಿ ನಿಲ್ಲಿಸಿದ ಹಾಗೆ ನೆಟ್ಟಗೆ, ಎಲೆ ಅಗಲ. ಮಳಖೇಡ ರೋಡ್ ಸ್ಟೇಷನ್ ಬರುವ ಹೊತ್ತಿಗೆ ಪಟ್ಟಿ ಖಾಲಿ. ಗಿಡಕ್ಕೆ ಮಾತ್ರ ಇನ್ನೂ ಹೆಸರಿಲ್ಲ.

ಸೇಡಂನಲ್ಲಿ ನಮ್ಮ ಕಾಕಾನ ಮನೆ. ಆಯಿ ಅಲ್ಲೇ ಇರುವುದು. ಆಯಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡು ಕೂತಾಗ ಸುಮ್ಮನೆ ಕೇಳಿದೆ.

"ಆಯಿ, ಚಿತ್ತಾಪುರ ಕಡಿ ಹಳಿ ಬಾಜೂಕ ಹಳದಿ ಹೂವಿನ ಗಿಡ ನೋಡ್ದೆ. ಯಾವ್ದು ಅದು?"

"ಹೂ ಎಲ್ಲಿದ್ವು? ಟೊಂಗಿ ತುದ್ಯಾಗೇನು?"

"ಹೂಂ, ತುದ್ಯಾಗ."

"ಮುಳ್ಳು?"

"ಕಾಣ್ಲಿಲ್ಲ."

"ಸುತ್ತ ಆಡು ಇದ್ವೇನು?"

"ಇದ್ವು. ಹುಲ್ಲು ಮೇಯ್ತಿದ್ವು."

"ಗಿಡಕ್ಕ ಬಾಯಿ ಹಾಕಿದ್ವೇನು?"

ಆಗ ಹೊಳೆಯಿತು. ಹಾಕಿರಲಿಲ್ಲ. ಎಲ್ಲ ಬೋಳು ಮಾಡಿಟ್ಟಿದ್ದ ಆ ನೆಲದಲ್ಲಿ ಆ ಪೊದೆ ಮಾತ್ರ ತುಂಬಿಕೊಂಡು ನಿಂತಿತ್ತು. ಅದನ್ನು ನಾನು ನೋಡಿದ್ದೆ, ಆದರೆ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಯಿ ನಕ್ಕಳು. "ತಂಗಡಿ ಅಲ್ಲೇನೋ ತಮ್ಮಾ ಅದು. ಅದರ ಮ್ಯಾಲೇ ನಿಮ್ಮಪ್ಪನ ಹೊಟ್ಟಿ ತುಂಬಿಸೀನಿ. ನಿನಗ ಅದರ ಹೆಸರ ಗೊತ್ತಿಲ್ಲ!"

ಕಾಕಾ ಎದ್ದು ಹೊರಗೆ ಹೋದ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಮ್ಮ ಮುತ್ಯಾ ಏನು ಮಾಡುತ್ತಿದ್ದ ಅಂತ ಚಿಕ್ಕಂದಿನಲ್ಲಿ ಕೇಳಿದಾಗೆಲ್ಲ ಅಪ್ಪ "ಕೂಲಿ" ಅನ್ನುತ್ತಿದ್ದ. ಅಪ್ಪ ಓದಿ, ವಾಡಿಯಲ್ಲಿ ಕಾರ್ಖಾನೆ ಕೆಲಸಕ್ಕೆ ಸೇರಿ, ನಾನು ಹುಟ್ಟಿ, ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋಗುವವರೆಗೂ ಆ ಒಂದೇ ಉತ್ತರ. ನಾವು ಢೋರರು ಅನ್ನುವುದು ಗೊತ್ತಿತ್ತು, ಜಾತಿ ಪ್ರಮಾಣಪತ್ರದಲ್ಲಿ ನೋಡಿದ್ದೆ. ಆದರೆ ಆ ಪದದ ಹಿಂದೆ ಒಂದು ಕೆಲಸ ಇದೆ, ಕೆಲಸಕ್ಕೆ ಗುಂಡಿ ಇತ್ತು, ಸುಣ್ಣ ಇತ್ತು, ಒಂದು ಗಿಡ ಇತ್ತು ಅಂತ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆವತ್ತು ಆಯಿ ಹೇಳಿದಳು. ಮುತ್ಯಾ ಊರ ಹೊರಗೆ ತೊಗಲು ಹದ ಮಾಡುತ್ತಿದ್ದ. ತಂಗಡಿ ತರುವುದು ಹೆಂಗಸರ ಕೆಲಸ. ಬೆಳಗಾಗುವ ಮೊದಲೇ ಕುಡುಗೋಲು ತೊಗೊಂಡು ಹೊರಡುವುದು, ಟೊಂಗೆ ಕಡಿದು ಹೊರೆ ಕಟ್ಟಿ ತರುವುದು, ಕಲ್ಲಿನ ಮೇಲಿಟ್ಟು ಬಡಿದು ತೊಗಟೆ ಸುಲಿಯುವುದು, ಒಣಗಿಸಿ ಕುಟ್ಟುವುದು. ಬುಡ ಬಿಟ್ಟು ಕಡಿದರೆ ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ, ಹಾಗಾಗಿ ಯಾರೂ ಬೇರು ಕೀಳುತ್ತಿರಲಿಲ್ಲವಂತೆ. "ಕೈ ಕೆಂಪಗ ಆಗಿರ್ತಿತ್ತು, ತೊಳದ್ರ ಹೋಗ್ತಿರ್ಲಿಲ್ಲ" ಅಂದಳು.

ಬೆಂಗಳೂರಿಗೆ ಬಂದ ಮೇಲೆ ಎರಡು ತಿಂಗಳು ಸಿಕ್ಕಿದ್ದೆಲ್ಲ ಓದಿದೆ. ಮೊದಲು ಗಿಡದ ವಿಷಯ.

ಹಳೆ ಮೈಸೂರಿನ ಕಡೆ ಇದನ್ನೇ ಆವರಿಕೆ ಅನ್ನುತ್ತಾರೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಇದಕ್ಕೆ ಕ್ಯಾಸಿಯಾ ಆರಿಕ್ಯುಲೇಟಾ ಅಂತ ಹೆಸರಿಟ್ಟ. ಈಗ ಸಸ್ಯಶಾಸ್ತ್ರದಲ್ಲಿ ಸೆನ್ನಾ ಆರಿಕ್ಯುಲೇಟಾ. ಈ ಹೊಸ ಹೆಸರು ಬಂದದ್ದು ವಿಲಿಯಂ ರಾಕ್ಸ್‌ಬರ್ಗ್‌ನ 'ಫ್ಲೋರಾ ಇಂಡಿಕಾ' ಪುಸ್ತಕದಿಂದ. ಅವನು ತೀರಿಕೊಂಡದ್ದು 1815ರಲ್ಲಿ, ಪುಸ್ತಕ ಅಚ್ಚಾದದ್ದು 1832ರಲ್ಲಿ. ಆರಿಕ್ಯುಲೇಟಾ ಅಂದರೆ ಕಿವಿ ಇರುವುದು. ಪ್ರತಿ ಎಲೆಕಡ್ಡಿಯ ಬುಡದಲ್ಲಿ ಎರಡು ಪುಟ್ಟ ಹಸಿರು ಕಿವಿ ಇರುತ್ತವೆ. ಅವು ಕಂಡರೆ ಮತ್ತೆ ಅನುಮಾನವೇ ಇಲ್ಲ. ಓಡುವ ರೈಲಿನಿಂದ ಮಾತ್ರ ಅವು ಕಾಣುವುದಿಲ್ಲ ಬಿಡಿ.

ಇಂಗ್ಲಿಷರು ಇಟ್ಟ ಹೆಸರು ಇನ್ನೂ ನೇರ: ಟ್ಯಾನರ್ಸ್ ಕ್ಯಾಸಿಯಾ, ಅಂದರೆ ತೊಗಲು ಹದ ಮಾಡುವವರ ಕ್ಯಾಸಿಯಾ. ಆಯಿ ಒಂದು ವಾಕ್ಯದಲ್ಲಿ ಹೇಳಿದ ಇತಿಹಾಸ ಆ ಹೆಸರಿನಲ್ಲೇ ಇದೆ. ನಮ್ಮಪ್ಪ ಮನೆಯಿಂದ ಹೊರಗೆ ಹಾಕಿದ್ದನ್ನು ಗಿಡದ ಹೆಸರು ಹಾಗೇ ಇಟ್ಟುಕೊಂಡಿದೆ.

ಈಗ ಹದ ಮಾಡುವುದು ಅಂದರೇನು ನೋಡೋಣ. ಹಸಿ ತೊಗಲು ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಾಗುತ್ತದೆ. ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕಬೇಕು, ಕೂದಲು ಸಡಿಲವಾಗಿ ಉದುರುತ್ತದೆ. ಸುಣ್ಣ ತೊಳೆದು ತೆಗೆದ ಮೇಲೆ ತೊಗಟೆಯ ನೀರು. ತಂಗಡಿ ತೊಗಟೆಯಲ್ಲಿ ಸುಮಾರು ಶೇ. 15ರಿಂದ 20ರಷ್ಟು ಟ್ಯಾನಿನ್ ಅನ್ನುವ ಒಗರು ಪದಾರ್ಥ ಇದೆ. ಬಲಿಯದ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಅದೇ ಗುಣ. ತೊಗಲಿನ ಎಳೆಗಳಿಗೆ ಟ್ಯಾನಿನ್ ಅಂಟಿಕೊಂಡು ನೀರಿಗೂ ಕೊಳೆಗೂ ಜಗ್ಗದ ಹಾಗೆ ಮಾಡುತ್ತದೆ. ದಖ್ಖನ್ನಿನ ಕಡೆ ಎಷ್ಟೋ ಊರುಗಳಲ್ಲಿ ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ತೊಗಟೆ ಮತ್ತು ನೀರು ತುಂಬಿ, ಮರದ ದಿಮ್ಮಿಗೆ ನೇತುಹಾಕುತ್ತಿದ್ದರು. ನೀರು ತೊಗಲಿನ ಮೂಲಕವೇ ಜಿನುಗಬೇಕು, ಜಿನುಗಿದ್ದನ್ನು ಮತ್ತೆ ಮೇಲಿಂದ ಹೊಯ್ಯಬೇಕು. ವಾರಗಟ್ಟಲೆ ಕೆಲಸ. ತಂಗಡಿಯಲ್ಲಿ ಹದವಾದ ತೊಗಲು ಬೆಳಕಿಗೆ ಕೆಂಪಾಗುತ್ತದೆ, ಅದಕ್ಕೇ ಮಾರಾಟದ ಮಾಲಿಗೆ ಕೊನೆಯಲ್ಲಿ ಅಳಲೆಕಾಯಿಯ ನೀರು.

ನಮ್ಮ ಸೀಮೆಯ ನೆಲವನ್ನು ಇದರ ಜೊತೆ ಇಟ್ಟು ನೋಡಿ. ಶಹಾಬಾದಿನ ಹಾಸುಗಲ್ಲು ಅಂತ ನಿಮ್ಮ ಮನೆಗಳಲ್ಲೂ ಹಾಸಿರಬಹುದು. ಅದು ಸುಣ್ಣದ ಕಲ್ಲು, ಐವತ್ತು ಕೋಟಿ ವರ್ಷಕ್ಕೂ ಹಳೆಯದು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಎಲ್ಲ ಕೂತಿರುವುದು ಅದರ ಮೇಲೆಯೇ. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕೇ. ಅದಕ್ಕೂ ಮೊದಲು ಅದೇ ಕಲ್ಲನ್ನು ಸುಟ್ಟರೆ ಸುಣ್ಣ, ಆ ಕಲ್ಲಿನ ಸಂದಿಯಲ್ಲೇ ಬೆಳೆಯುವುದು ತಂಗಡಿ. ಮುತ್ಯಾನ ಸಾಮಾನೆಲ್ಲ ಕಾಲ ಕೆಳಗೇ ಇತ್ತು. ಅಪ್ಪ ಕೆಲಸ ಮಾಡಿದ ಕಾರ್ಖಾನೆಗೂ ಮುತ್ಯಾನ ಗುಂಡಿಗೂ ಒಂದೇ ಕಲ್ಲು ಅಂತ ಗೊತ್ತಾದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇನ್ನು ರೈಲು. ಮುಂಬೈ ಕಡೆಯಿಂದ ಬಂದ ಹಳಿ ನಮ್ಮ ಕಡೆಯಿಂದ ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದದ್ದು 1874ರಲ್ಲಿ. ನಾನು ಹೂವು ನೋಡಿದ್ದು ಇದೇ ಹಳಿಯಲ್ಲಿ. ಆ ಕಾಲಕ್ಕೆ ಮದ್ರಾಸಿನಿಂದ ಹದ ಮಾಡಿದ ತೊಗಲು ಹಡಗು ಹತ್ತಿ ಲಂಡನ್ನಿಗೆ ಹೋಗುವುದು ದೊಡ್ಡ ವ್ಯಾಪಾರವಾಗಿತ್ತು. 'ಈಸ್ಟ್ ಇಂಡಿಯಾ ಕಿಪ್ಸ್' ಅಂತ ಅದಕ್ಕೆ ಹೆಸರು. ಅದರ ಬಣ್ಣ, ಮೆದು, ಬೆಲೆ ಎಲ್ಲ ನಿಂತಿದ್ದು ಈ ತೊಗಟೆಯ ಮೇಲೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟಿನ ಮೇಲ್ಭಾಗಕ್ಕೂ ಅದೇ ತೊಗಲು ಬೇಕಾಯಿತು.

ಅದೇ ಹೊತ್ತಿಗೆ ತಂಗಡಿಯ ದಿನಗಳು ಮುಗಿಯತೊಡಗಿದ್ದವು. ಒಂದು ಕಾರಣ ದಕ್ಷಿಣ ಆಫ್ರಿಕಾದ ವ್ಯಾಟಲ್ ತೊಗಟೆ. ಅದರಲ್ಲಿ ಟ್ಯಾನಿನ್ ಸುಮಾರು ಎರಡು ಪಟ್ಟು, ತೋಟದಲ್ಲಿ ಬೆಳೆದದ್ದು, ಹಡಗಿನಲ್ಲಿ ಹೇರಳವಾಗಿ ಬರುತ್ತಿತ್ತು. ಇನ್ನೊಂದು ಕಾರಣ ಕ್ರೋಮ್. ಕ್ರೋಮಿಯಂ ಲವಣದಲ್ಲಿ ಹದ ಮಾಡಿದರೆ ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳಿಯುತ್ತದೆ. ಮದ್ರಾಸಿನಲ್ಲಿ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ಮಾಡಿ ತೋರಿಸಿದವನು ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರ್. ಮುಂದೆ ಮೈಸೂರು ಸಂಸ್ಥಾನಕ್ಕೆ ಕೈಗಾರಿಕಾ ನಿರ್ದೇಶಕನಾಗಿ ಬಂದವನೂ ಅವನೇ. ಅವನು ಕ್ರೋಮ್ ತೊಗಲನ್ನು ಮೊದಮೊದಲು ಉಪಯೋಗಿಸಿ ತೋರಿಸಿದ್ದು ಬಾವಿಯಿಂದ ಎತ್ತುಗಳು ನೀರೆಳೆಯುವ ಕಪಿಲೆಯ ಚೀಲಕ್ಕೆ. ಹಳ್ಳಿಯ ತೊಗಲಿಗೆ ಇದ್ದ ದೊಡ್ಡ ಗಿರಾಕಿಯೇ ಕಪಿಲೆ! ಆಮೇಲೆ ಡೀಸೆಲ್ ಪಂಪು, ಕರೆಂಟು ಬಂದು ಕಪಿಲೆಯೇ ನಿಂತಿತು. ಪ್ಲಾಸ್ಟಿಕ್ ಚಪ್ಪಲಿ ಬಂತು. ಮುತ್ಯಾನ ಗುಂಡಿಗಳನ್ನು ಯಾರೂ ಮುಚ್ಚಿಸಲಿಲ್ಲ. ಕೊಳ್ಳುವವರೇ ಇಲ್ಲದೆ ತಾವಾಗಿ ಒಣಗಿದವು.

ಕೆಲಸ ಹೋಯಿತು, ಆದರೆ ಅದರ ಜೊತೆ ಕಟ್ಟಿದ್ದ ಹೆಸರು ಹೋಗಲಿಲ್ಲ. ಅಪ್ಪನ ಸಿಟ್ಟು ಇರುವುದು ಇಲ್ಲಿ. ಅಪ್ಪ ಶಾಲೆಗೆ ಹೋದ ಕಾಲಕ್ಕೆ ಕ್ಲಾಸಿನಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲವಂತೆ. "ತಂಗಡಿ ವಾಸನಿ ಬಂತು" ಅಂತ ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ಆಯಿ ಎರಡೆರಡು ಸಲ ಸಾಬೂನು ಹಚ್ಚಿ ಅವನ ಅಂಗಿ ಒಗೆಯುತ್ತಿದ್ದಳು. ಇದನ್ನು ಅಪ್ಪ ನನಗೆ ಎಂದೂ ಹೇಳಿಲ್ಲ, ಆಯಿಯೇ ಹೇಳಿದ್ದು. ಮಗನ ಕಿವಿಗೆ ಆ ಪದವೇ ಬೀಳಬಾರದು ಅಂತ ಅಪ್ಪ ಯಾಕೆ ಹಟ ಹಿಡಿದ ಅನ್ನುವುದು ಆಗ ತಿಳಿಯಿತು. ನನಗೆ ಗಿಡದ ಗುರುತು ಸಿಗದೆ ಇದ್ದದ್ದು ಎರಡೇ ಸೆಕೆಂಡು ನೋಡಿದ್ದಕ್ಕಲ್ಲ. ನನಗೆ ಅದು ಗುರುತು ಸಿಗಬಾರದು ಅಂತ ಅಪ್ಪ ಮೂವತ್ತು ವರ್ಷ ಕಷ್ಟಪಟ್ಟಿದ್ದ.

ನಮ್ಮ ಸೀಮೆಗೆ ಇತಿಹಾಸ ಕಮ್ಮಿ ಏನಿಲ್ಲ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ನೆಲ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಭೀಮಾ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು ದೇವಿಯ ಮೂರ್ತಿಯ ಪೀಠದ ಕಲ್ಲಿನಲ್ಲಿ. ಎಷ್ಟೋ ಕಾಲ ಎಲ್ಲರೂ ಕೈ ಮುಗಿಯುತ್ತಿದ್ದರು, ಕಲ್ಲಿನ ಮೇಲೆ ಅಕ್ಷರ ಇದೆ ಅಂತ ಯಾರೂ ನೋಡಿರಲಿಲ್ಲ. ಮನೆಯಲ್ಲಿ ಆಯಿಯನ್ನು ಇಟ್ಟುಕೊಂಡು ನಾನೂ ಹಾಗೇ ಇದ್ದೆ ಅನ್ನಿಸಿತು.

ಹನ್ನೆರಡನೇ ಶತಮಾನಕ್ಕೆ ಹೋಗಿ ನೋಡಿದರೆ ಕಲ್ಯಾಣ ಇಲ್ಲಿಂದ ದೂರವೇನಲ್ಲ. ಅಲ್ಲಿ ಡೋಹರ ಕಕ್ಕಯ್ಯ ಇದ್ದ, ತೊಗಲು ಹದ ಮಾಡುವ ಕುಲದವನು, ವಚನ ಬರೆದವನು. ಬಸವಣ್ಣ ಅವನನ್ನು ತನ್ನ ಬಳಗದ ಹಿರಿಯ ಅಂತ ವಚನದಲ್ಲೇ ಹೇಳಿಕೊಂಡ. ಕಲ್ಯಾಣದ ಗಲಭೆಯಲ್ಲಿ ಶರಣರ ಜೊತೆ ಹೊರಟ ಕಕ್ಕಯ್ಯನ ಸ್ಮಾರಕ ಬೆಳಗಾವಿ ಜಿಲ್ಲೆಯ ಕಕ್ಕೇರಿಯಲ್ಲಿದೆ. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆ ನಮಗೆಲ್ಲ ಗೊತ್ತು. ನಾಟಕದಲ್ಲಿ ನೋಡಿ ಕಣ್ಣೀರು ಹಾಕಿದ್ದೇವೆ. ಆ ಚರ್ಮಕ್ಕೂ ಯಾವುದೋ ತೊಗಟೆಯ ಹದ ಬೇಕಿತ್ತಲ್ಲ ಅಂತ ಈಗ ಯೋಚನೆ ಬರುತ್ತದೆ. ಕಥೆ ಕೇಳಿ ಅಳುತ್ತೇವೆ, ಹದ ಮಾಡಿದವನ ಮೊಮ್ಮಗ ಬೆಂಚಿನಲ್ಲಿ ಪಕ್ಕ ಕೂತರೆ ಮೂಗು ಮುಚ್ಚುತ್ತೇವೆ.

ಗಿಡದ ಗುರುತು ಪಕ್ಕಾ ಮಾಡಿಕೊಳ್ಳದೆ ಇಷ್ಟೆಲ್ಲ ಬರೆಯುತ್ತಿದ್ದಾನಲ್ಲ ಅಂದುಕೊಳ್ಳಬೇಡಿ. ಆಯಿ ಹೇಳಿದ ಮರುದಿನವೇ ಕಾಕಾನ ಮಗನ ಬೈಕಿನಲ್ಲಿ ಚಿಂಚೋಳಿ ರಸ್ತೆ ಹಿಡಿದಿದ್ದೆವು. ಚಿಂಚೋಳಿಗೆ ರೈಲಿಲ್ಲ, ಹಾಗಾಗಿ ಬೇಕೆಂದಲ್ಲಿ ನಿಲ್ಲಬಹುದು! ಕಪ್ಪು ಎರೆ ಮುಗಿದು ಕೆಂಪು ಮಣ್ಣಿನ ಗುಡ್ಡ ಶುರುವಾಗುತ್ತದೆ. ಮುಂದೆ ಹೋದರೆ 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಿಸಿದ ಕಾಡು, ಚಂದ್ರಂಪಳ್ಳಿ ಕೆರೆ. ಅಷ್ಟು ದೂರ ಹೋಗುವ ಅಗತ್ಯವೇ ಬೀಳಲಿಲ್ಲ, ರಸ್ತೆ ಬದಿಯಲ್ಲೇ ಸಿಕ್ಕಿತು. ಐದು ಎಸಳಿನ ಹಳದಿ ಹೂವು, ಅಂಗೈ ನಡುವೆ ಕೂರುವಷ್ಟು. ಕಾಗದದಷ್ಟು ತೆಳ್ಳಗಿನ ಕಾಯಿ, ಬೀಜ ಇರುವಲ್ಲಿ ಮಾತ್ರ ಉಬ್ಬು. ಎಲೆಕಡ್ಡಿಯ ಬುಡ ತಿರುಗಿಸಿ ನೋಡಿದೆ. ಎರಡು ಕಿವಿ! ಒಂದು ಟೊಂಗೆ ಮುರಿದು ಚೀಲಕ್ಕೆ ಹಾಕಿಕೊಂಡು ಬಂದೆ.

ದಾರಿಯಲ್ಲಿ ಇನ್ನೊಂದು ನೋಡಿದೆ. ಒಂದು ಊರಿನಲ್ಲಿ ತೆಲುಗು ಮಾತಾಡುವ ಮನೆಯ ಹುಡುಗಿಯರು ಬುಟ್ಟಿ ಹಿಡಿದು ಇದೇ ಹೂವು ಕೀಳುತ್ತಿದ್ದರು, ಬತುಕಮ್ಮ ಹಬ್ಬಕ್ಕೆ. ತಟ್ಟೆಯಲ್ಲಿ ಸುತ್ತು ಸುತ್ತಾಗಿ ಹೂವು ಏರಿಸಿ ಗೋಪುರ ಮಾಡುತ್ತಾರೆ, ಅದರಲ್ಲಿ ತಂಗೇಡು ಇರಲೇಬೇಕು. ತೆಲಂಗಾಣ ಪ್ರತ್ಯೇಕ ರಾಜ್ಯವಾದ 2014ರಲ್ಲೇ ತಂಗೇಡನ್ನು ರಾಜ್ಯದ ಹೂವು ಅಂತ ಘೋಷಿಸಿತು. ಹಳಿಯ ಆ ತುದಿಯಲ್ಲಿ ಗೌರಮ್ಮನ ತಲೆಯ ಮೇಲೆ, ಈ ತುದಿಯಲ್ಲಿ ಬೈಗುಳ. ಗಿಡ ಒಂದೇ. ಹೆಸರುಗಳೂ ಹಳಿಯ ಮೇಲೇ ಬದಲಾಗುತ್ತವೆ: ಸೋಲಾಪುರದ ಕಡೆ ಮರಾಠಿಯಲ್ಲಿ ತರವಡ, ನಮ್ಮಲ್ಲಿ ತಂಗಡಿ, ತಾಂಡೂರು ದಾಟಿದರೆ ತಂಗೇಡು. ಮೂರೂ ಕಡೆಯ ಗಾಡಿ ನಿಲ್ಲುವ ಜಂಕ್ಷನ್ ವಾಡಿ, ನಾನು ಬೆಳೆದ ಊರು. ಅಲ್ಲೇ ನನಗೆ ಒಂದು ಹೆಸರೂ ಗೊತ್ತಿರಲಿಲ್ಲ.

ವಾಪಸು ಬರುವಾಗ ವಾಡಿಯಲ್ಲಿ ಮನೆಗೆ ಹೋದೆ. ಟೊಂಗೆ ಚೀಲದಲ್ಲೇ ಇತ್ತು, ತೆಗೆಯಲು ಧೈರ್ಯ ಬರಲಿಲ್ಲ. ಊಟಕ್ಕೆ ಕೂತಾಗ ಅಪ್ಪನೇ ಕೇಳಿದ. ಕಾಕಾ ಫೋನ್ ಮಾಡಿದ್ದನಂತೆ.

"ಯಾಕ ಬೇಕಾಗಿತ್ತು ನಿನಗ ಅದೆಲ್ಲ?"

"ಗಿಡದ ಹೆಸರು ಕೇಳ್ದೆ ಅಪ್ಪ, ಅಷ್ಟೇ."

ಸ್ವಲ್ಪ ಹೊತ್ತು ಮಾತಿಲ್ಲ. ಅನ್ನ ಕಲಸುತ್ತಾ ಕೂತಿದ್ದ. ಆಮೇಲೆ ಕೈ ತೊಳೆದು ಬಂದು "ತೋರ್ಸು" ಅಂದ. ಕೊಟ್ಟೆ. ಬಾಡಿಹೋಗಿತ್ತು. ಉಗುರಿನಿಂದ ತೊಗಟೆಯನ್ನು ಒಂದು ಎಳೆ ಸುಲಿದ, ಮೂಗಿನ ಹತ್ತಿರ ಹಿಡಿದ. "ಇದು ಎಳೀದು. ಇದಕ್ಕ ಹದ ಬರಂಗಿಲ್ಲ" ಅಂದು ವಾಪಸು ಕೊಟ್ಟ.

ಇದನ್ನು ಬರೆಯಲಾ ಅಂತ ಹೋದ ವಾರ ಫೋನಿನಲ್ಲಿ ಕೇಳಿದೆ. "ಬರಿ. ನನ್ನ ಹೆಸರ ಹಾಕಬ್ಯಾಡ" ಅಂದ. ಹಾಕಿಲ್ಲ.

ನೀವು ಸೋಲಾಪುರದ ಕಡೆಯಿಂದಲೋ ರಾಯಚೂರಿನ ಕಡೆಯಿಂದಲೋ ಬೆಳಗಿನ ಹೊತ್ತು ಬರುವಾಗ ಕಿಟಕಿಯ ಹೊರಗೆ ನೋಡಿ. ಆಡು ಮುಟ್ಟದ, ಮುಳ್ಳಿಲ್ಲದ, ತುದಿಗೆ ಹಳದಿ ಹೂವು ಹೊತ್ತ ಪೊದೆ ಕಂಡರೆ ಅದು ತಂಗಡಿ. ನಿಮ್ಮೂರಿನ ಕಡೆ ಇದಕ್ಕೆ ಏನಂತಾರೆ? ಮನೆಯಲ್ಲಿ ಆಯಿ, ಅಜ್ಜಿ ಇದ್ದರೆ ಕೇಳಿ ನನಗೂ ತಿಳಿಸಿ.